ಗಣಕದ ಆರಂಭಕ್ರಿಯೆಗೆ ತಡೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ವಿದ್ಯಾರ್ಥಿಗಳಿಗೆ ಕಾಲುವೆಯ ಗೇಟೆಂದರೇನೆಂದು ನಾವು ಹೇಳಬೇಕಾಗಿಲ್ಲ. ಉಪಕಾಲುವೆಯೊಂದು ಒಡೆದರೆ ಅದರ ಗೇಟನ್ನು ಇಳಿಸುವರು. ಅದೊಂದಕ್ಕಾಗಿ ಇಂಡಿ ಶಾಖಾ ಕಾಲುವೆಯನ್ನೇ ಶಾಶ್ವತವಾಗಿ ಬತ್ತಿಸಬೇಕೆಂದು ಯಾರೂ ವಾದಿಸರು. ಗಣಕಯಂತ್ರದ ವಿಷಯದಲ್ಲಿ ಮಾತ್ರ ಈ ವಿವೇಕ ನಮಗೆ ಮರೆತುಹೋಗುತ್ತದೆ. ಹಳೆಯ ಯಂತ್ರವೊಂದು ಆರಂಭದಲ್ಲಿಯೇ ಸ್ತಬ್ಧವಾದರೆ ‘ಕೆಟ್ಟಿತು’ ಎಂದು ಮೂಲೆಗೆ ತಳ್ಳುವುದೇ ವಾಡಿಕೆ. ಈ ವಾಡಿಕೆ ತಪ್ಪೆಂಬುದು ನಮ್ಮ ಮತ.

ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ತಿರುಳನ್ನು, ಎಂದರೆ ಕರ್ನೆಲನ್ನು, ತೆಗೆದುಕೊಳ್ಳೋಣ. ಯಂತ್ರ ಚಾಲೂ ಆದ ಕೆಲವೇ ಕ್ಷಣಗಳಲ್ಲಿ ಅದು ನೂರಾರು ಆರಂಭಕ್ರಿಯೆಗಳನ್ನು ಸಾಲಾಗಿ ಕರೆಯುವುದು. ಒಂದು ಕೀಲಿಮಣೆಯನ್ನು ಸಿದ್ಧಗೊಳಿಸಿದರೆ ಇನ್ನೊಂದು ಧ್ವನಿಯ ಸಾಧನವನ್ನು ಹುಡುಕುವುದು. ಇವುಗಳಲ್ಲೊಂದು ಹೋದದ್ದು ಹಿಂದಿರುಗದಿದ್ದರೆ ಉಳಿದವುಗಳ ಸರದಿಯೇ ಬಾರದು. ಬಿಡಿಯಾಗಿ ಸೇರಿಸುವ ಮಾಡ್ಯೂಲಾದರೆ ಅದನ್ನು ಹೆಸರು ಹಿಡಿದು ಹೊರಗಿಡಬಹುದು. ಕರ್ನೆಲಿನಲ್ಲಿಯೇ ಬೆಸೆದುಕೊಂಡಿರುವುದನ್ನು ಹಾಗೆ ಬಿಡಿಸಲಾಗದು. ಇದಕ್ಕೆಂದೇ 2014ರಲ್ಲಿ ‘ಇನಿಟ್‌ಕಾಲ್ ಬ್ಲ್ಯಾಕ್‌ಲಿಸ್ಟ್’ ಎಂಬ ಸೂಚನೆಯನ್ನು ಸೇರಿಸಲಾಯಿತು. ಆರಂಭದ ಆಜ್ಞಾಸಾಲಿನಲ್ಲಿ ಇದರ ಮುಂದೆ ಕ್ರಿಯೆಯ ಹೆಸರನ್ನು (ಮಾಡ್ಯೂಲಿನ ಹೆಸರನ್ನಲ್ಲ, ಎಡವುವುದು ಇಲ್ಲಿಯೇ) ಬರೆದರೆ ಕರ್ನೆಲು ಅದೊಂದನ್ನು ಬಿಟ್ಟು ಮುಂದೆ ಸಾಗುವುದು. ತಪ್ಪಿತಸ್ಥ ಯಾವುದೆಂದು ತಿಳಿಯಲು ‘ಇನಿಟ್‌ಕಾಲ್ ಡೀಬಗ್’ ಎಂಬ ಇನ್ನೊಂದು ಸೂಚನೆಯಿದೆ. ಅದನ್ನು ಕೊಟ್ಟು, ವರದಿಗಳು ತೆರೆಯ ಮೇಲೆ ಮೂಡುವಂತೆ ಮಾಡಿಕೊಂಡರೆ, ಪ್ರತಿಯೊಂದು ಕ್ರಿಯೆಯ ಹೋಗುಬರವೂ ಕಾಣುವುದು. ಕರೆದರೂ ಹಿಂದಿರುಗದ ಹೆಸರಿನ ಮೇಲೆಯೇ ಸಂಶಯ.

ಗೇಟು ಮುಚ್ಚಿದರೆ ಕೊನೆಯಂಚಿನ ಹೊಲಕ್ಕೆ ನೀರಿಲ್ಲವೆಂಬುದೂ ನಿಜವೇ. ತಡೆದ ಕ್ರಿಯೆಯನ್ನು ನಂಬಿಕೊಂಡ ಸಾಧನಗಳು ಕೆಲಸ ಮಾಡಲಾರವು. ಡಿಸ್ಕಿನ ಕ್ರಿಯೆಯನ್ನೇ ತಡೆದರೆ ಯಂತ್ರ ಏಳುವುದೇ ಇಲ್ಲ. ಆದರೆ ಆರಂಭದ ಹೊತ್ತಿನಲ್ಲಿ ಕೈಯಾರೆ ಬರೆದ ಸೂಚನೆ ಆ ಒಂದು ಬಾರಿಗಷ್ಟೇ ಅನ್ವಯಿಸುವುದರಿಂದ, ಮತ್ತೆ ಚಾಲೂ ಮಾಡಿದರೆ ಎಲ್ಲವೂ ಮೊದಲಿನಂತೆಯೇ. ಕಲಿಯುವವನಿಗೆ ಇದಕ್ಕಿಂತ ಉದಾರವಾದ ಉಪಕರಣ ಇನ್ನೇನು ಬೇಕು? ‘ಹುಡುಗರು ಕೆಡಿಸುವರು’ ಎಂದು ಆಜ್ಞಾಸಾಲಿಗೆ ಬೀಗ ಹಾಕುವ ಗುರುಗಳ ಅಂಜಿಕೆಯನ್ನು ನಾವು ಅಲ್ಲಗಳೆಯೆವು. ರಕ್ಷಣೆಯ ಕ್ರಿಯೆಗಳನ್ನೂ ಹೀಗೆಯೇ ತಡೆಯಬಹುದಾದುದರಿಂದ ಕಚೇರಿಯ ಯಂತ್ರಗಳಿಗೆ ಆ ಬೀಗ ಬೇಕೇ ಬೇಕು. ಕಲಿಯಲೆಂದೇ ಇಟ್ಟ ಒಂದೆರಡು ಹಳೆಯ ಯಂತ್ರಗಳಿಗೂ ಅದೇಕೆ?

ತಡೆಯನ್ನು ಆಜ್ಞಾಸಾಲಿನಲ್ಲಿ ಕಾಯಮ್ಮಾಗಿ ಬರೆದಿಟ್ಟು ಮರೆಯುವುದನ್ನೂ ನಾವು ಒಪ್ಪೆವು. ಒಡೆದ ಕಾಲುವೆಯ ದುರಸ್ತಿ ಆಗಲೇಬೇಕಷ್ಟೆ. ಕ್ರಿಯೆಯ ಹೆಸರು, ಕರ್ನೆಲಿನ ಆವೃತ್ತಿ, ಯಂತ್ರದ ಮಾದರಿ, ತೆರೆಯ ಮೇಲೆ ಕಂಡ ಕೊನೆಯ ಸಾಲುಗಳು: ಇಷ್ಟನ್ನು ಬರೆದು ಕಳುಹಿಸಿದರೆ, ಕರ್ನೆಲನ್ನು ತಿದ್ದುವವರ ಮುಂದೆ ಸಿಂದಗಿಯ ವಿದ್ಯಾರ್ಥಿಯ ಪತ್ರವೂ ಪುರಾವೆಯಾಗಿ ನಿಲ್ಲುವುದು.