ಆಟಿಸಂ: ಅನುಭವಿಸುವವರ ಮಾತಿಗೆ ತೂಕವೆಷ್ಟು?

ಆಟಿಸಂ ಇದೆಯೇ ಇಲ್ಲವೇ ಎಂಬುದನ್ನು ರಕ್ತ ಪರೀಕ್ಷೆ ಹೇಳುವುದಿಲ್ಲ, ಮಿದುಳಿನ ಸ್ಕ್ಯಾನ್ ಕೂಡ ಹೇಳುವುದಿಲ್ಲ. ಹೆಸರು ಹಿಡಿದು ಕರೆದರೆ ಮಗು ತಿರುಗುತ್ತದೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ, ಓರಗೆಯವರೊಂದಿಗೆ ಬೆರೆಯುತ್ತದೆಯೇ, ಒಂದೇ ಆಟವನ್ನು ಮತ್ತೆ ಮತ್ತೆ ಆಡುತ್ತದೆಯೇ ಎಂದು ಗಮನಿಸಿ, ತಂದೆತಾಯಿಯನ್ನು ವಿಚಾರಿಸಿ ತಜ್ಞರು ತೀರ್ಮಾನಕ್ಕೆ ಬರುತ್ತಾರೆ. ಹೀಗೆ ಇಡೀ ತಪಾಸಣೆ ನಿಂತಿರುವುದು ಹೊರಗೆ ಕಾಣುವ ನಡವಳಿಕೆಯ ಮೇಲೆ. ಅನುಭವಿ ಕಣ್ಣಿಗೆ ಕಾಣುವುದು ಬಹಳ, ಆ ಕೌಶಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ನಡವಳಿಕೆಯನ್ನು ಗುರುತಿಸುವುದು ಒಂದು ಕೆಲಸ, ಅದರ ಕಾರಣವನ್ನು ತಿಳಿಯುವುದು ಇನ್ನೊಂದು. ಕಿವಿ ಮುಚ್ಚಿಕೊಂಡ ಮಗು ಎಲ್ಲರಿಗೂ ಕಾಣುತ್ತದೆ. ಏಕೆ ಮುಚ್ಚಿಕೊಂಡಿತೆಂಬುದು ಕಾಣುವುದಿಲ್ಲ, ಅದನ್ನು ನಾವು ಊಹಿಸುತ್ತೇವೆ. ಆಟಿಸಂ ಕುರಿತ ತಿಳಿವಳಿಕೆ ಎಡವಿದ್ದು ಹೆಚ್ಚಾಗಿ ಈ ಊಹೆಯಲ್ಲಿ. ಆದ್ದರಿಂದ ಅದನ್ನು ಬದುಕುತ್ತಿರುವವರ ಮಾತನ್ನು ಕರುಣೆಯಿಂದ ಆಲಿಸಿದರಷ್ಟೇ ಸಾಲದು, ಸಾಕ್ಷ್ಯವಾಗಿಯೇ ಸ್ವೀಕರಿಸಬೇಕು ಎಂಬುದು ನನ್ನ ವಾದ.

ಚರಿತ್ರೆ ಇದಕ್ಕೆ ಆಧಾರ ಕೊಡುತ್ತದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನೋವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಒಂಟಿಯಾಗಿರುವ ಒಲವು, ಸುತ್ತಲಿನದೆಲ್ಲ ಇದ್ದಂತೆಯೇ ಇರಬೇಕೆಂಬ ಪಟ್ಟು ಮುಂತಾಗಿ ಅವರು ಬರೆದಿಟ್ಟದ್ದು ಇಂದಿನ ತಪಾಸಣೆಗೂ ತಳಹದಿ. ಆದರೆ ಮುಂದಿನ ದಶಕಗಳಲ್ಲಿ ಆ ಲಕ್ಷಣಗಳಿಗೆ ಹಚ್ಚಿದ ಕಾರಣ ಕ್ರೂರವಾಗಿತ್ತು. ತಾಯಿಯ ಪ್ರೀತಿ ತಣ್ಣಗಿದ್ದುದರಿಂದಲೇ ಮಗು ತನ್ನೊಳಗೆ ಅಡಗಿಕೊಂಡಿದೆ ಎಂದು ತಜ್ಞರು ಹೇಳಿದರು. ಬ್ರೂನೊ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದ ಮೂಲಕ ಅದನ್ನು ಮನೆಮಾತಾಗಿಸಿದರು. ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲೇ ಈ ವಾದವನ್ನು ಖಂಡಿಸಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳ ಅಧ್ಯಯನ ಪ್ರಕಟಿಸಿದರು. 11 ತದ್ರೂಪಿ ಜೋಡಿಗಳ ಪೈಕಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಇಬ್ಬರಿಗೂ ಇರಲಿಲ್ಲ. ಇದಕ್ಕೆ ಅನುವಂಶೀಯ ಬೇರುಗಳಿವೆ ಎಂಬುದು ಅಲ್ಲಿಂದ ಗಟ್ಟಿಯಾಯಿತು. ಅಷ್ಟರಲ್ಲಿ ಒಂದು ತಲೆಮಾರಿನ ತಾಯಂದಿರು ಇಲ್ಲದ ಅಪರಾಧವನ್ನು ಹೊತ್ತು ಬದುಕಿದ್ದರು.

ಅದು ಮನೆಯವರ ಬಗೆಗಿನ ತಪ್ಪು. ಮಕ್ಕಳ ಬಗೆಗೇ ಆದ ತಪ್ಪು ಇನ್ನೂ ಹೆಚ್ಚು ಕಾಲ ಬಾಳಿತು. ಈ ಮಕ್ಕಳು ದೊಡ್ಡ ಸದ್ದಿಗೆ ಬೆದರುವುದನ್ನು ಕ್ಯಾನರ್ ಗಮನಿಸಿದ್ದರು. ಆದರೆ ಮಗುವನ್ನು ಕಾಡುವುದು ಸದ್ದಲ್ಲ, ತನ್ನ ಏಕಾಂತಕ್ಕೆ ಒದಗುವ ಭಂಗ ಎಂದು ಅವರು ಅರ್ಥೈಸಿದರು. 1986ರಲ್ಲಿ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್, 1992ರಲ್ಲಿ ಆಸ್ಟ್ರೇಲಿಯಾದ ಡಾನಾ ವಿಲಿಯಮ್ಸ್ ತಮ್ಮ ಬದುಕಿನ ಕಥೆ ಬರೆದಾಗ ಬೇರೆಯೇ ಉತ್ತರ ಸಿಕ್ಕಿತು. ಸದ್ದು, ಬೆಳಕು, ಸ್ಪರ್ಶಗಳು ಇತರರಿಗೆ ತಟ್ಟಿದಂತೆ ತಮಗೆ ತಟ್ಟುವುದಿಲ್ಲ, ಕೆಲವೊಮ್ಮೆ ಅವು ತಡೆಯಲಾರದಷ್ಟು ತೀವ್ರ ಎಂದು ಇಂಥ ಬರಹಗಳು ತೋರಿಸಿದವು. ಅಮೆರಿಕದ ಮನೋವೈದ್ಯರ ಕೈಪಿಡಿಯ 1994ರ ಆವೃತ್ತಿಯ ಮಾನದಂಡಗಳಲ್ಲಿ ಈ ಸಂವೇದನೆಯ ವ್ಯತ್ಯಾಸಕ್ಕೆ ಜಾಗವಿರಲಿಲ್ಲ. ಜಾಗ ಸಿಕ್ಕಿದ್ದು 2013ರ ಆವೃತ್ತಿಯಲ್ಲಿ. ಈ ವಿಳಂಬ ಬರೀ ಪುಸ್ತಕದ್ದಲ್ಲ. ಮಿಕ್ಸಿಯ ಸದ್ದಿಗೆ ಅಡುಗೆಮನೆಯಿಂದ ಓಡುವ, ಮದುವೆ ಛತ್ರದಲ್ಲಿ ವಾಲಗ ಜೋರಾದೊಡನೆ ನೆಲಕ್ಕೆ ಬಿದ್ದು ಅರಚುವ ಮಗುವಿಗೆ ಹಟಮಾರಿ ಎಂಬ ಹೆಸರು ಬೀಳುತ್ತದೆ, ಏಟೂ ಬೀಳುತ್ತದೆ. ಕಾರಣ ನೋವೆಂದು ತಿಳಿದರೆ ಅದೇ ಮಗುವನ್ನು ಹೊರಗೆ ಕರೆದೊಯ್ದು ತಣ್ಣಗಾಗಿಸುತ್ತೇವೆ. ಊಹೆ ಬದಲಾದರೆ ನಮ್ಮ ನಡತೆಯೇ ಬದಲಾಗುತ್ತದೆ.

ಇತರರ ಮನಸ್ಸನ್ನು ಅರಿಯುವ ಪ್ರಶ್ನೆಯಲ್ಲೂ ಹೀಗೇ ಆಯಿತು. 1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು ಸ್ಯಾಲಿ, ಆನ್ ಎಂಬ ಎರಡು ಗೊಂಬೆಗಳ ಆಟವಾಡಿಸಿದರು. ಸ್ಯಾಲಿ ಇಲ್ಲದಾಗ ಆನ್ ಅವಳ ಗೋಲಿಯನ್ನು ಬೇರೆಡೆ ಇಡುತ್ತಾಳೆ; ಸ್ಯಾಲಿ ಬಂದು ಎಲ್ಲಿ ಹುಡುಕುತ್ತಾಳೆ? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ತಪ್ಪು ಉತ್ತರ ಕೊಟ್ಟರು. ಆ ಫಲಿತಾಂಶ ನಿಜ. ಆದರೆ ಇವರಿಗೆ ಪರರ ಮನಸ್ಸು ತಿಳಿಯುವುದೇ ಇಲ್ಲ ಎಂಬಲ್ಲಿಗೆ ಅದು ಹಿಗ್ಗಿ, ಇವರಿಗೆ ಅನುಕಂಪವೇ ಇಲ್ಲ ಎಂಬ ಜನಾಭಿಪ್ರಾಯವಾಗಿ ಬೆಳೆಯಿತು. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಸರಳ ಪ್ರಶ್ನೆ ಎತ್ತಿದರು: ಅರ್ಥವಾಗದಿರುವುದು ಎರಡೂ ಕಡೆಯದಾದರೆ ಕೊರತೆಯನ್ನು ಒಬ್ಬರಿಗೇ ಅಂಟಿಸುವುದೇಕೆ? 2020ರಲ್ಲಿ ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಇದಕ್ಕೆ ಹೊಂದುವ ಪ್ರಯೋಗವೊಂದನ್ನು ಪ್ರಕಟಿಸಿದರು. ಒಬ್ಬರಿಂದ ಒಬ್ಬರಿಗೆ ಕಥೆ ದಾಟಿಸುವ ಸರಪಣಿಗಳನ್ನು ಕಟ್ಟಲಾಯಿತು. ಬರೀ ಆಟಿಸಂ ಇರುವವರ ಸರಪಣಿಯಲ್ಲಿ ಕಥೆ ಉಳಿದಷ್ಟೇ ಚೆನ್ನಾಗಿ ಆಟಿಸಂ ಇಲ್ಲದವರ ಸರಪಣಿಯಲ್ಲೂ ಉಳಿಯಿತು. ಹೆಚ್ಚು ಸೋರಿಹೋದದ್ದು ಇಬ್ಬರೂ ಬೆರೆತಿದ್ದ ಸರಪಣಿಯಲ್ಲಿ. ಈ ಪ್ರಯೋಗದಲ್ಲಿದ್ದವರೆಲ್ಲ ವಯಸ್ಕರು, ಬೌದ್ಧಿಕ ನ್ಯೂನತೆ ಇಲ್ಲದವರು. ಆದ್ದರಿಂದ ಫಲಿತಾಂಶವನ್ನು ಎಲ್ಲರಿಗೂ ಹಿಗ್ಗಿಸುವಂತಿಲ್ಲ. ಆದರೂ ಪ್ರಯೋಗಾಲಯಕ್ಕೆ ಹೊಸ ಪ್ರಶ್ನೆ ದೊರೆತದ್ದು ಒಳಗಿನ ಅನುಭವದಿಂದ ಎಂಬುದು ಸ್ಪಷ್ಟ.

ನಮ್ಮಲ್ಲಿ ಈ ಮಾತಿಗೆ ಇನ್ನೊಂದು ತೂಕವಿದೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಭಾರತದಲ್ಲಿ ಬಳಸುವ ‘ಐಎಸ್‌ಎಎ’ ಮಾಪನದಲ್ಲಿ 40 ಅಂಶಗಳಿವೆ. ಪ್ರತಿಯೊಂದು ನಡವಳಿಕೆ ಎಷ್ಟು ಬಾರಿ ಕಾಣುತ್ತದೆ ಎಂಬುದಕ್ಕೆ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ ಎಂದರ್ಥ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸವಲತ್ತುಗಳಿಗೆ ಇಂಥ ಅಳತೆ ಅನಿವಾರ್ಯ, ಸಾವಿರಾರು ಕುಟುಂಬಗಳಿಗೆ ಅದೇ ಬಾಗಿಲು. ಆದರೆ ಕಾಣುವುದನ್ನು ಎಣಿಸುವ ಅಳತೆಗೆ ಬಚ್ಚಿಟ್ಟದ್ದು ಸಿಗುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದನ್ನು ಕಷ್ಟಪಟ್ಟು ರೂಢಿಸಿಕೊಂಡ, ನಗಬೇಕಾದ ಹೊತ್ತನ್ನು ಗೆಳತಿಯರನ್ನು ನೋಡಿ ಕಲಿತ ಹುಡುಗಿಗೆ ಅಂಕ ಕಡಿಮೆ ಬರುತ್ತದೆ, ಬಳಲಿಕೆ ಕಡಿಮೆಯಾಗುವುದಿಲ್ಲ. ಆಟಿಸಂ ಹುಡುಗರಲ್ಲಿ ಹುಡುಗಿಯರಿಗಿಂತ ನಾಲ್ಕು ಪಟ್ಟು ಎಂಬ ಲೆಕ್ಕ ಬಹುಕಾಲ ಚಾಲ್ತಿಯಲ್ಲಿತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆ ಅದು ಮೂರು ಪಟ್ಟಿನ ಹತ್ತಿರ ಎಂದಿತು. ಎಷ್ಟೋ ಹುಡುಗಿಯರು ತಪಾಸಣೆಯ ಕಣ್ಣಿಗೆ ಬೀಳುತ್ತಿಲ್ಲ ಎಂಬ ಸೂಚನೆ ಅದರಲ್ಲಿದೆ. ಅವರನ್ನು ಕಾಣಬೇಕಾದರೆ ‘ಏನು ಮಾಡುತ್ತೀಯ?’ ಎಂಬುದರ ಜೊತೆಗೆ ‘ಅದಕ್ಕೆ ಎಷ್ಟು ಕಷ್ಟಪಡುತ್ತೀಯ?’ ಎಂದೂ ಕೇಳಬೇಕು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಪುಸ್ತಕ ಬರೆಯಬಲ್ಲವರು, ವೇದಿಕೆಯಲ್ಲಿ ಮಾತಾಡಬಲ್ಲವರು ಕೆಲವರೇ. ಮಾತೇ ಬಾರದ, ದಿನವಿಡೀ ಒಬ್ಬರ ನೆರವು ಬೇಕಾದವರ ಪರವಾಗಿ ಅವರು ಹೇಗೆ ನುಡಿದಾರು? ಈ ಆತಂಕ ಸುಳ್ಳಲ್ಲ. ಅಂಥವರ ಅಗತ್ಯಗಳು ಮರೆಯಾಗಬಾರದೆಂದೇ 2021ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗ ಅವರಿಗೊಂದು ಪ್ರತ್ಯೇಕ ಆಡಳಿತಾತ್ಮಕ ಹೆಸರನ್ನು ಸೂಚಿಸಿತು. ಮಾತು ಬಲ್ಲವರು ಇವರ ಪ್ರತಿನಿಧಿಗಳೆಂದು ನಾನು ಹೇಳುತ್ತಿಲ್ಲ. ಇನ್ನೊಬ್ಬರು ಕೈಹಿಡಿದು ಬರೆಸುವ ವಿಧಾನಗಳನ್ನು ಪರೀಕ್ಷಿಸಿದಾಗ ಬರೆದದ್ದು ಹಿಡಿದ ಕೈಯೇ ಎಂದು ತಿಳಿದದ್ದನ್ನೂ ಮರೆಯಬಾರದು. ಹುಸಿ ಮಾತು ಮೌನಕ್ಕಿಂತ ಅಪಾಯಕಾರಿ. ಆದರೆ ಮಾತಿಲ್ಲದವರಿಗೆ ಹೇಳುವುದಕ್ಕೇನೂ ಇಲ್ಲ ಎಂದಲ್ಲ. ಚಿತ್ರದ ಕಾರ್ಡು, ಟ್ಯಾಬ್, ಸನ್ನೆ, ತಳ್ಳಿಬಿಡುವ ಕೈ, ದೂರ ಸರಿಯುವ ಮೈ ಎಲ್ಲವೂ ಹೇಳಿಕೆಗಳೇ. ಅವನ್ನು ಓದಲು ಕಲಿತರೆ ಫಲವಿದೆ ಎಂಬುದಕ್ಕೆ ಬ್ರಿಟನ್ನಿನ ಪ್ಯಾಕ್ಟ್ ಅಧ್ಯಯನ ನಿದರ್ಶನ. 152 ಮಕ್ಕಳ ಆ ಅಧ್ಯಯನದಲ್ಲಿ ಒಂದು ಗುಂಪಿನ ತಂದೆತಾಯಿಗೆ ತಾವು ಮಗುವಿನೊಡನೆ ಆಡುವ ವಿಡಿಯೊ ತೋರಿಸಿ, ಮಗುವಿನ ಸಣ್ಣ ಸೂಚನೆಗಳನ್ನು ಹಿಡಿದು ಸ್ಪಂದಿಸಲು ಕಲಿಸಲಾಯಿತು. 2010ರಲ್ಲಿ ಲಕ್ಷಣಗಳ ಮೇಲಿನ ಪರಿಣಾಮ ಅಲ್ಪವೆನಿಸಿತ್ತು. ಸುಮಾರು ಆರು ವರ್ಷಗಳ ಬಳಿಕದ ತಪಾಸಣೆಯಲ್ಲಿ, ಈ ತರಬೇತಿ ಸಿಗದ ಗುಂಪಿಗಿಂತ ಆ ಮಕ್ಕಳ ಲಕ್ಷಣಗಳ ತೀವ್ರತೆ ಕಡಿಮೆಯಿತ್ತು.

ಸ್ವಾನುಭವವೂ ತಪ್ಪಬಹುದು, ಒಬ್ಬರದು ಇನ್ನೊಬ್ಬರಿಗೆ ಹೊಂದದಿರಬಹುದು ಎಂಬ ಮಾತೂ ಇದೆ. ಹೌದು, ಅದಕ್ಕೇ ಅದು ಸಾಕ್ಷ್ಯ, ತೀರ್ಪಲ್ಲ. ಅದನ್ನು ಪ್ರಯೋಗದೊಂದಿಗೆ, ತಜ್ಞರ ನೋಟದೊಂದಿಗೆ, ಮನೆಯವರ ಅರಿವಿನೊಂದಿಗೆ ಇಟ್ಟು ತೂಗಬೇಕು. ಆದರೆ ತೂಗುವ ಮುನ್ನವೇ ತಳ್ಳಿಹಾಕುವುದು ವಿಜ್ಞಾನವಲ್ಲ. ಅಂಗವಿಕಲರಿಗೆ ಸಂಬಂಧಿಸಿದ ನಿರ್ಧಾರಗಳಲ್ಲಿ ಅವರೊಡನೆಯೇ ಸಮಾಲೋಚಿಸಬೇಕೆನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲೇ ಅನುಮೋದಿಸಿದೆ. ಹಾಗಿದ್ದಮೇಲೆ ತಪಾಸಣೆಯ ವರದಿಯಲ್ಲಿ ಅಂಕಗಳ ಜೊತೆ ಆ ವ್ಯಕ್ತಿಗೆ ಯಾವುದು ನೋವು, ಯಾವುದು ನೆಮ್ಮದಿ ಎಂಬ ವಿವರವೂ ಇರಲಿ. ಶಿಕ್ಷಕರ ತರಬೇತಿಯಲ್ಲಿ, ಚಿಕಿತ್ಸೆಯ ಗುರಿ ನಿರ್ಧರಿಸುವ ಸಮಿತಿಗಳಲ್ಲಿ ಆಟಿಸಂ ಇರುವ ವಯಸ್ಕರು ಕೂರಲಿ. ಎಂಟು ದಶಕ ಅವರನ್ನು ನೋಡಿ ಕಲಿತದ್ದರಲ್ಲಿ ನಿಜವೂ ಇತ್ತು, ತಪ್ಪೂ ಇತ್ತು. ಅವೆರಡನ್ನೂ ಬೇರ್ಪಡಿಸಲು ಅವರನ್ನೇ ಕೇಳುವುದು ನಾವು ಮಾಡುವ ಉಪಕಾರವಲ್ಲ, ನಮ್ಮ ತಿಳಿವಳಿಕೆ ಸರಿಯಾಗಬೇಕಾದರೆ ಬಿಡಲಾಗದ ವಿಧಾನ.