ರಾಜಭವನದ ಪತ್ರಗಳು, ಸದನದ ಮತ

ಅವಧಿಗೆ ಮುನ್ನ ನಡೆಯುವ ಚುನಾವಣೆಯನ್ನು ಕುರಿತು ನಮ್ಮಲ್ಲಿ ಒಂದು ಸುಲಭವಾದ ಅಭಿಪ್ರಾಯವಿದೆ. ಶಾಸಕರು ಜಗಳವಾಡಿದರು, ಸರಕಾರ ಬಿದ್ದಿತು, ಇನ್ನು ಜನರೇ ತೀರ್ಮಾನಿಸಲಿ, ಅಲ್ಲಿಗೆ ಎಲ್ಲವೂ ಸರಿಹೋಗುತ್ತದೆ ಎಂಬುದೇ ಆ ಅಭಿಪ್ರಾಯ. 1989ರಲ್ಲಿ ಕರ್ನಾಟಕದಲ್ಲಿ ನಡೆದುದನ್ನು ನೆನೆದರೆ ವಿಷಯ ಅಷ್ಟು ಸರಳವಲ್ಲವೆಂದು ತೋರುತ್ತದೆ.

ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ರಾಜೀನಾಮೆ ನೀಡಿದ ಬಳಿಕ ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. 1989ರ ಏಪ್ರಿಲ್ 15ರಂದು ಅವರು ಸಂಪುಟವನ್ನು ವಿಸ್ತರಿಸಿದರು. ಎರಡೇ ದಿನಗಳಲ್ಲಿ, ಮಂತ್ರಿಪದವಿ ಹಂಚಿಕೆಯಾದಾಗಲೆಲ್ಲ ಕಾಣುವ ಅಸಮಾಧಾನವು ರಾಜಭವನದ ಬಾಗಿಲು ತಟ್ಟಿತು. ಪಕ್ಷವನ್ನು ತೊರೆದ ಶಾಸಕರೊಬ್ಬರು, ಬೆಂಬಲ ಹಿಂತೆಗೆದುಕೊಂಡಿರುವುದಾಗಿ ಹೇಳುವ 19 ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. ಮರುದಿನವೇ ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿತ್ತೆಂದೂ ತಮ್ಮ ಬೆಂಬಲ ಸರಕಾರಕ್ಕೇ ಇದೆಯೆಂದೂ ಬರೆದರು. 27ರಂದು ವಿಧಾನಸಭೆಯನ್ನು ಕರೆದು ಬಹುಮತವನ್ನು ತೋರಿಸುವುದಾಗಿ ಮುಖ್ಯಮಂತ್ರಿಗಳು ತಿಳಿಸಿದರು. ರಾಜ್ಯಪಾಲರು ಒಪ್ಪಲಿಲ್ಲ. 21ರಂದು ರಾಷ್ಟ್ರಪತಿ ಆಳ್ವಿಕೆ ಘೋಷಣೆಯಾಯಿತು, ವಿಧಾನಸಭೆ ವಿಸರ್ಜನೆಗೊಂಡಿತು.

ಒಂದು ವಾರ ಕಾದಿದ್ದರೆ ನಾಡಿಗೇನೂ ಕೆಡುಕಾಗುತ್ತಿರಲಿಲ್ಲ. ಈ ಆತುರಕ್ಕೆ ರಾಜಕೀಯ ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಅದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದು ಇಲ್ಲಿದೆ. ಸಮ್ಮತಿ ಎಂಬುದು ಎಲ್ಲಿ ಪ್ರಕಟವಾದಾಗ ಸಮ್ಮತಿಯೆನಿಸುತ್ತದೆ? ನಮ್ಮ ಕುಟುಂಬಗಳಿಗೆ ಇದು ಹೊಸ ಪ್ರಶ್ನೆಯಲ್ಲ. ಗುಪ್ತವಿವಾಹಗಳಿಂದ ಉಂಟಾದ ಅನ್ಯಾಯಗಳನ್ನು ಕಂಡು 1563ರಲ್ಲಿ ಟ್ರೆಂಟ್ ಮಹಾಸಭೆಯು, ಧರ್ಮಕೇಂದ್ರದ ಗುರುಗಳ ಹಾಗೂ ಸಾಕ್ಷಿಗಳ ಎದುರಿನಲ್ಲೇ ವಿವಾಹ ನಡೆಯಬೇಕೆಂದು ವಿಧಿಸಿತು. ಹುಡುಗಿ ಒಪ್ಪಿದ್ದಾಳೆಂದು ಯಾರೋ ಒಬ್ಬರು ಚೀಟಿ ತಂದುಕೊಟ್ಟರೆ ಯಾವ ಗುರುವೂ ದಾಖಲೆಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ. ಆಕೆಯೇ ಪೀಠದ ಮುಂದೆ ನಿಂತು ನುಡಿಯಬೇಕು. ಕಾನೂನೆಂಬುದು ಪ್ರಕಟಿಸಲ್ಪಟ್ಟಿರಬೇಕೆಂದು ಸಂತ ತೋಮಸ್ ಅಕ್ವಿನಾಸರು ಅದರ ಲಕ್ಷಣದಲ್ಲೇ ಸೇರಿಸಿದರು. ಸಮುದಾಯವನ್ನು ಬಂಧಿಸುವ ಯಾವ ನಿರ್ಧಾರವೂ ಸಮುದಾಯದ ಕಣ್ಣಿಗೆ ಮರೆಯಾಗಿರಲಾಗದು.

ಬೊಮ್ಮಾಯಿಯವರು ನ್ಯಾಯಾಲಯಕ್ಕೆ ಹೋದರು. ಉಚ್ಚ ನ್ಯಾಯಾಲಯದಲ್ಲಿ ಸೋತರು. ಇತ್ತ ನವೆಂಬರ್‌ನಲ್ಲಿ ಚುನಾವಣೆ ನಡೆದು, 224 ಸ್ಥಾನಗಳಲ್ಲಿ 178ನ್ನು ಗೆದ್ದ ಕಾಂಗ್ರೆಸ್ ಅಧಿಕಾರಕ್ಕೆ ಬಂದಿತು. ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಜನತಾದಳಕ್ಕೆ ದೊರೆತದ್ದು 24. ಆ ಪಕ್ಷದ ಒಳಜಗಳಗಳಿಂದ ಬೇಸತ್ತ ಜನತೆಯ ತೀರ್ಪು ನಿಸ್ಸಂದಿಗ್ಧವಾಗಿತ್ತು. ಆದರೆ ಮತದಾರನನ್ನು ಕೇಳಿದ್ದು, ಇನ್ನು ಮುಂದೆ ಯಾರು ಆಳಬೇಕು ಎಂದು. ಏಪ್ರಿಲ್‌ನಲ್ಲಿ ನಡೆದುದು ನ್ಯಾಯವೇ ಎಂದು ಅವನನ್ನು ಯಾರೂ ಕೇಳಲಿಲ್ಲ. ಮತಪತ್ರದಲ್ಲಿ ಅದಕ್ಕೆ ಸ್ಥಳವೂ ಇರಲಿಲ್ಲ. ಗೆಲುವು ಎಷ್ಟೇ ದೊಡ್ಡದಾದರೂ ಅದು ಕೇಳದ ಪ್ರಶ್ನೆಗೆ ಉತ್ತರವಾಗಲಾರದು.

ಆ ಉತ್ತರ ಬಂದದ್ದು 1994ರ ಮಾರ್ಚ್ 11ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠದಿಂದ. ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿ, ರಾಜ್ಯಪಾಲರ ಮನಸ್ಸಿನಲ್ಲಲ್ಲ ಎಂದು ಪೀಠವು ಹೇಳಿತು; ಕರ್ನಾಟಕದ ವಜಾ ಅಸಾಂವಿಧಾನಿಕವೆಂದು ಸಾರಿತು. ಅಷ್ಟರಲ್ಲಿ ಐದು ವರ್ಷಗಳಾಗಿದ್ದವು. ಮರಳಿ ಕೊಡಲು ಆ ವಿಧಾನಸಭೆಯೇ ಉಳಿದಿರಲಿಲ್ಲ.

ಅದೇ ತೀರ್ಪಿನ ಇನ್ನೊಂದು ಭಾಗ ಅಲ್ಪಸಂಖ್ಯಾತರಾದ ನಮಗೆ ಹೆಚ್ಚು ಪರಿಚಿತ. ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲರಚನೆಯ ಅಂಗವೆಂದು ಅದು ಸ್ಥಿರಪಡಿಸಿತು. ಬಾಬರಿ ಮಸೀದಿಯ ಧ್ವಂಸದ ನಂತರ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಸರಕಾರಗಳನ್ನು ವಜಾ ಮಾಡಿದ್ದನ್ನು ಎತ್ತಿಹಿಡಿಯಿತು. ನಮ್ಮ ಸಭೆಗಳಲ್ಲಿ ಈ ಭಾಗವನ್ನು ಆಗಾಗ ಸ್ಮರಿಸುತ್ತೇವೆ, ಮೊದಲನೆಯದನ್ನು ಅಪರೂಪವಾಗಿ. ನಮಗೆ ಹಿತವಾದ ವಜಾ ನ್ಯಾಯ, ಅಹಿತವಾದದ್ದು ಅನ್ಯಾಯ ಎಂಬ ಅಳತೆಗೋಲು ಇಲ್ಲಿ ಅಡಗಿಲ್ಲವೇ? 1959ರ ಜುಲೈ 31ರಂದು ಕೇರಳದ ನಂಬೂದಿರಿಪಾಡರ ಸರಕಾರವನ್ನು ವಜಾ ಮಾಡಿದಾಗ ಅದಕ್ಕೆ ಸದನದಲ್ಲಿ ಬಹುಮತವಿತ್ತು. ಅದರ ಶಿಕ್ಷಣ ಮಸೂದೆಯ ವಿರುದ್ಧ ಬೀದಿಗಿಳಿದವರಲ್ಲಿ ಕಥೋಲಿಕರು ಮುಂಚೂಣಿಯಲ್ಲಿದ್ದರು. ನಮ್ಮ ಶಾಲೆಗಳ ಕುರಿತ ಆತಂಕ ನಿಜವಾದದ್ದೇ. ಆದರೂ ಅಂದು ಗಂಟೆ ಬಾರಿಸಿದವರು, 1989ರಲ್ಲಿ ಬೆಂಗಳೂರಿನಲ್ಲಿ ಬಳಕೆಯಾದ ಆಯುಧವೂ ಅದೇ 356ನೆಯ ವಿಧಿ ಎಂಬುದನ್ನು ಗಮನಿಸಿದರೋ ಇಲ್ಲವೋ.

ತೀರ್ಪಿನ ನಂತರ ರಾಜಭವನದ ಪತ್ರಗಳ ಬೆಲೆ ಇಳಿಯಿತು. 2018ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಶ್ವಾಸಮತಕ್ಕೆ ದಿನ ಗೊತ್ತುಮಾಡಿದಾಗ, ಯಡಿಯೂರಪ್ಪನವರು ಮತಕ್ಕೆ ಮುನ್ನ ಸದನದಲ್ಲೇ ರಾಜೀನಾಮೆ ಘೋಷಿಸಿದರು. ನಾಡು ಅದನ್ನು ಕಣ್ಣಾರೆ ಕಂಡಿತು. ಮರುವರ್ಷ ಉಪಾಯ ಬದಲಾಯಿತು. ಶಾಸಕರು ಬೆಂಬಲವನ್ನಲ್ಲ, ತಮ್ಮ ಸ್ಥಾನಗಳನ್ನೇ ಬಿಟ್ಟು ಸದನದ ಲೆಕ್ಕವನ್ನು ಕುಗ್ಗಿಸಿದರು. 2019ರ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ 12ನ್ನು ಆಡಳಿತ ಪಕ್ಷವೇ ಗೆದ್ದಿತು. ಆ ಕ್ಷೇತ್ರಗಳ ಮತದಾರರನ್ನೂ, ಶಾಸಕರು ಬಿಟ್ಟುಹೋದದ್ದು ಏಕೆಂದು ಕೇಳಲಿಲ್ಲ.