ಗೀಸರ್‌ಗೂ ಒಂದು ಹಬ್ಬ ಬೇಕು
ಈ ವಾರ ಪಕ್ಕದ ಮನೆಯಲ್ಲಿ ಮೆಕ್ಯಾನಿಕ್ ಗೀಸರ್ ಬಿಚ್ಚಿದಾಗ ಕಾಯಿಲ್ ಕಣ್ಣಿಗೆ ಬೀಳಲೇ ಇಲ್ಲ. ಬೆರಳು ದಪ್ಪದ ಬಿಳಿ ಹಕ್ಕಳೆ ಅದನ್ನು ಪೂರ್ತಿ ನುಂಗಿತ್ತು. ಸ್ಕ್ರೂಡ್ರೈವರಿನಿಂದ ಕೆರೆದರೆ ಚೂರುಚೂರಾಗಿ ಬಕೆಟ್‌ಗೆ ಉದುರಿತು. ಮನೆಯವರು ಕಂಪನಿಯನ್ನು ಬೈದರು. ನನ್ನ ಕೇಳಿದರೆ ಮೊದಲು ದೂರಬೇಕಾದ್ದು ಬೋರ್‌ವೆಲ್ ನೀರನ್ನು, ಅದಕ್ಕೂ ಮೊದಲು ನಮ್ಮ ಅಸಡ್ಡೆಯನ್ನು. ಗಡಸು ನೀರು ಕಾದಷ್ಟೂ ಅದರ ಸುಣ್ಣದ ಅಂಶ ಕಾಯಿಲ್‌ಗೆ ಅಂಟುತ್ತದೆ. ಆ ಪದರ ದಾಟಿ ಶಾಖ ನೀರಿಗಿಳಿಯಲು ಹೊತ್ತು ಹಿಡಿಯುತ್ತದೆ, ಕರೆಂಟ್ ಬಿಲ್ ಏರುತ್ತದೆ, ಕೊನೆಗೊಂದು ದಿನ ಕಾಯಿಲೇ ಸುಟ್ಟುಹೋಗುತ್ತದೆ. ನಮ್ಮ ಅಜ್ಜಿಯರು ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಬಚ್ಚಲೊಲೆಯ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬೆಳಗಿ, ಅರಿಶಿನ ಕುಂಕುಮ ಹಚ್ಚಿದ ಮೇಲೆಯೇ ನೀರು ತುಂಬುತ್ತಿದ್ದರು. ವರ್ಷಕ್ಕೊಮ್ಮೆಯಾದರೂ ಹಂಡೆಯ ತಳ ಮನೆಮಂದಿಯ ಕಣ್ಣಿಗೆ ಬೀಳುತ್ತಿತ್ತು. ಗೋಡೆ ಏರಿ ಕೂತ ಗೀಸರ್‌ಗೆ ಅಂಥದೊಂದು ದಿನವೇ ಇಲ್ಲ. ಅದರ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಮೆಗ್ನೀಷಿಯಂ ಕಡ್ಡಿಯೊಂದಿರುತ್ತದೆ, ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಯಲು. ಅದು ಮುಗಿದರೆ ಮುಂದಿನ ಸರದಿ ಟ್ಯಾಂಕಿನದೇ. ಸೇಫ್ಟಿ ವಾಲ್ವ್ ಹನಿಯುತ್ತದೆಂದು ಬಿರಡೆ ಜಡಿದವರನ್ನೂ ಕಂಡಿದ್ದೇನೆ. ಒಳಗಿನ ಒತ್ತಡ ಹೊರಹೋಗುವ ದಾರಿಯನ್ನೇ ಮುಚ್ಚುವುದು ಶುದ್ಧ ಅಪಾಯ, ಟ್ಯಾಂಕು ಒಡೆಯಬಹುದು. ಬೋರ್ ನೀರಿನ ಮನೆಯವರು ಥರ್ಮೋಸ್ಟಾಟನ್ನು 60 ಡಿಗ್ರಿಯ ಮೇಲೆ ಏರಿಸಬೇಡಿ, ಹೆಚ್ಚು ಕಾಯಿಸಿದಷ್ಟೂ ಹಕ್ಕಳೆ ಹೆಚ್ಚು. ಈ ದೀಪಾವಳಿಗೆ ಮುಂಚೆ ಬಲ್ಲವರನ್ನು ಕರೆಸಿ ಗೀಸರ್ ಬಿಚ್ಚಿಸಿ, ತೊಳೆಸಿ, ಆ ಕಡ್ಡಿ ಎಷ್ಟು ಉಳಿದಿದೆಯೆಂದು ನಿಮ್ಮ ಕಣ್ಣಾರೆ ನೋಡಿ.